ಮೇಪಲ್ ಹಲಗೆಯ ಮೇಲೆ ಅರಿಶಿನ

ಬೇಸ್ ಗಿಟಾರ್ ಎಂದರೆ ಏನು ಎಂದು ನಮ್ಮ ಮನೆಮಂದಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ನಾಲಿಗೆ ಸವೆದುಹೋಗಿತ್ತು. ಅದರಲ್ಲಿ ಹಾಡು ಬರುವುದಿಲ್ಲವೇ ಎಂದು ಕೇಳುತ್ತಿದ್ದರು. ಇಲ್ಲ, ಹಾಡಿನ ಕೆಳಗೆ ಇರುವುದು ಬರುತ್ತದೆ ಎಂದರೆ, ಕೆಳಗೆ ಏನಿರುತ್ತದೆ ಎಂದು ಮತ್ತೆ ಕೇಳುತ್ತಿದ್ದರು. ನಮ್ಮವ್ವ ಶಿವಗಂಗವ್ವನಂತೂ ಅದಕ್ಕೆ ಒನಕೆ ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದಳು. "ಮಾಧುರಿ, ನಿನ್ನ ಒನಕಿ ಬಾಗಲದಾಗ ಅಡ್ಡ ಬಿದ್ದದ, ತಗದಿಡು" ಎಂದು ಅಡುಗೆಮನೆಯಿಂದಲೇ ಕೂಗುವಳು. ಆ ದನಿಯಲ್ಲಿ ಸಿಟ್ಟೂ ಇರುತ್ತಿರಲಿಲ್ಲ, ಅಕ್ಕರೆಯೂ ಇರುತ್ತಿರಲಿಲ್ಲ. ನನಗೆ ಉರಿಯುತ್ತಿದ್ದದ್ದು ಅದೇ. ಬೈದಿದ್ದರೆ ಜಗಳಕ್ಕೆ ನಾನು ಯಾವಾಗಲೂ ತಯಾರಿದ್ದೆ.

ನಮ್ಮದು ಪುಣೆಯ ಹಡಪಸರದಲ್ಲಿ ಕಿರಾಣಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಅಪ್ಪ ರಾಮಲಿಂಗಪ್ಪ ಇಂಡಿ ತಾಲೂಕಿನಿಂದ ಬಂದು ಇಲ್ಲಿ ತಕ್ಕಡಿ ಹಿಡಿದವರು. ಗಿರಾಕಿಗಳ ಜೊತೆ ಮರಾಠಿ, ಮನೆಯಲ್ಲಿ ಕನ್ನಡ, ತಲೆ ಕೆಟ್ಟಾಗ ಎರಡೂ. ನಾನು ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಆಫೀಸಿನಲ್ಲಿ ಕ್ಲಾರ್ಕು. ಕಾಲೇಜಿನ ಗ್ಯಾದರಿಂಗಿನಲ್ಲಿ ಬೇಸ್ ಬಾರಿಸುವ ಹುಡುಗನಿಗೆ ಕಾಮಾಲೆಯಾಗಿ, ಬೇರೆ ಯಾರೂ ಸಿಗದೆ, ಅದನ್ನು ತಂದು ನನ್ನ ಹೆಗಲಿಗೆ ಹಾಕಿದ್ದರು. ಅವನ ಕಾಮಾಲೆ ಇಳಿಯಿತು, ನನ್ನ ಹುಚ್ಚು ಇಳಿಯಲಿಲ್ಲ.

ತೊಂಬತ್ತೊಂಬತ್ತರ ನವರಾತ್ರಿಯ ಹೊತ್ತಿಗೆ ಆ ಹುಚ್ಚಿಗೊಂದು ದಾರಿ ಕಂಡಿತು. ಸದಾನಂದ ಮಾಸ್ತರರ ಆರ್ಕೆಸ್ಟ್ರಾ ಆಗ ಪುಣೆಯಿಂದ ಸೊಲ್ಲಾಪುರದವರೆಗೆ ಹೆಸರಾಗಿತ್ತು. ಹಿಂದಿ, ಮರಾಠಿ, ಕನ್ನಡ, ಯಾವ ಊರಿಗೆ ಯಾವುದು ಬೇಕೋ ಅದು. ಅವರಲ್ಲಿ ಬೇಸ್ ಬಾರಿಸುತ್ತಿದ್ದ ಧಾರವಾಡದ ಮೋಹನದಾಸ್ ಸರ್ ದೊಡ್ಡ ಹಡಗೊಂದರ ಬ್ಯಾಂಡಿಗೆ ಸೇರಿ ಸಮುದ್ರದ ಮೇಲೆ ಹೊರಟಿದ್ದರು. ಜಾಗ ಖಾಲಿ. ನಾನು ಆಫೀಸಿಗೆ ಹಲ್ಲುನೋವೆಂದು ಸುಳ್ಳು ಹೇಳಿ ಭವಾನಿ ಪೇಠೆಯಲ್ಲಿ ಅವರು ತಾಲೀಮು ಮಾಡುವ ಹಾಲ್‌ಗೆ ಹೋಗಿ ನಿಂತೆ.

ಮಾಸ್ತರರು ನಾನು ಬಾರಿಸಿದ್ದನ್ನು ಕಣ್ಣು ಮುಚ್ಚಿ ಕೇಳಿದರು. ಕಣ್ಣು ಮುಚ್ಚಿದ್ದು ಒಳ್ಳೆಯ ಶಕುನ ಎಂದುಕೊಂಡೆ. ಕಣ್ಣು ತೆರೆದು ಹೇಳಿದರು: "ಕೈ ಛಲೋ ಅದವ್ವಾ. ಆದ್ರ ಧ್ವನಿ ಗೊಜ್ಜಾಗ್ಯದ. ಒಂದಕ್ಕೊಂದು ಅಂಟಿ ಬರ್ಲಿಕ್ಕತ್ತಾವ. ಯಾವುದೂ ಬಿಡಿಬಿಡಿ ಕೇಳಸವಲ್ಲದು."

"ಅದು ನನ್ನ ಗಿಟಾರಿಂದರಿ ಸರ್, ನಂದಲ್ಲ" ಎಂದೆ. ಬಾಯಿ ನನಗೆ ಯಾವಾಗಲೂ ಮುಂದು.

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಮೋಹನದಾಸ್ ಸರ್ ನಕ್ಕರು. ಎದ್ದು ಬಂದು ನನ್ನ ಗಿಟಾರಿನ ಕತ್ತನ್ನು ಬೆಳಕಿಗೆ ಹಿಡಿದು ನೋಡಿದರು. "ಅರ್ಧಾ ಆಕಿ ಹೇಳೂದು ಖರೇ ಅದ. ಇದು ಶೀಸಂ ಹಲಗಿ" ಎಂದರು. ಅವರಿಗೂ ತಮ್ಮ ಜಾಗಕ್ಕೆ ಯಾರಾದರೂ ಬೇಗ ಸಿಗಬೇಕಿತ್ತು, ಇಲ್ಲದಿದ್ದರೆ ಮಾಸ್ತರರು ಅವರನ್ನು ಹಡಗಿಗೆ ಬಿಡುವವರಲ್ಲ. ದಾಂಡಿಯಾ ಕಾರ್ಯಕ್ರಮಗಳಿಗೆ ಅವರ ಹತ್ತಿರ ಇನ್ನೊಂದು ಬೇಸ್ ಇತ್ತು. ಒಳ್ಳೆಯದನ್ನು ಪೆಟ್ಟಿಗೆ ಸಮೇತ ನನ್ನ ಕೈಗಿಟ್ಟರು. "ದಸರಾ ದಿನ ಮುಂಜಾನೆ ಬಂದು ಇದರ ಮ್ಯಾಲ ಬಾರಿಸಿ ತೋರಿಸು. ನನಗ ಇದು ಮಗಳಿದ್ದಂಗ ಅದ. ನೆನಪಿರ್ಲಿ."

ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಆರ್ಕೆಸ್ಟ್ರಾದಲ್ಲಿ ಜಾಗ ಸಿಕ್ಕರೆ ಊರೂರು ತಿರುಗಬೇಕು, ಸ್ಟೇಜಿನ ಮೇಲೆ ನಿಲ್ಲಬೇಕು ಎಂಬುದನ್ನೂ ಹೇಳಿದೆ. ಅಪ್ಪ ಜಾಣರು. "ನಿಮ್ಮವ್ವ ಹೂಂ ಅಂದ್ರ ನಂದೂ ಹೂಂ" ಎಂದು ಅಂಗಡಿಗೆ ಇಳಿದುಬಿಟ್ಟರು. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಮೊರ ಹಿಡಿದು ಕಡಲೆಬೇಳೆ ಆರಿಸಿದಳು. ಮೊದಲು ಜಾಗ ಗೆಲ್ಲೋಣ, ಆಮೇಲೆ ಅವ್ವನನ್ನು ಗೆಲ್ಲೋಣ ಎಂದು ನಾನು ಮೋಹನದಾಸ್ ಸರ್ ಕೊಟ್ಟ ಪೆಟ್ಟಿಗೆ ತೆರೆದೆ.

ಬೇಸ್ ಗಿಟಾರಿನ ಕತ್ತಿನ ಮೇಲೆ ಎಡಗೈ ಬೆರಳುಗಳು ತಂತಿಯನ್ನು ಒತ್ತುವ ಉದ್ದನೆಯ ಹಲಗೆ ಇರುತ್ತದೆ. ಅದಕ್ಕೆ ಫ್ರೆಟ್‌ಬೋರ್ಡ್ ಎನ್ನುತ್ತಾರೆ; ಅದರ ಮೇಲೆ ಅಡ್ಡ ಕೂರಿಸಿದ ಲೋಹದ ಕಡ್ಡಿಗಳು ಫ್ರೆಟ್ಟು, ಎರಡರ ನಡುವಿನ ಜಾಗ ಒಂದು ಮನೆ. ಅದನ್ನು ಯಾವ ಮರದಿಂದ ಮಾಡಿದರೆ ಏನು, ಕರೆಂಟಿನಿಂದ ಬರುವ ದನಿಗೆ ಮರ ಯಾವ ಲೆಕ್ಕ ಎಂದು ವಾದಿಸುವ ಜನ ಇದ್ದಾರೆ. ಅವರನ್ನು ನನ್ನ ಹತ್ತಿರ ಕಳಿಸಿ. ನನ್ನದು ಬೀಟೆಮರದ ಹಲಗೆ, ನಾವು ಶೀಸಂ ಎನ್ನುವುದು. ಕಪ್ಪುಗೆಂಪು, ಮೇಲೆ ವಾರ್ನಿಶ್ ಇಲ್ಲ, ಕಣ್ಣಿಗೆ ಕಾಣುವ ಸಣ್ಣ ಸಣ್ಣ ರಂಧ್ರಗಳು. ಬೆರಳಿಗೆ ಮರವೇ ಸಿಗುತ್ತದೆ. ಒಣಗಿದರೆ ಬಿರಿಯುತ್ತದೆಂದು ಆಗಾಗ ಹೊಲಿಗೆ ಮಶಿನ್ನಿನ ಎಣ್ಣೆ ನಾಲ್ಕು ಹನಿ ಹಾಕಿ ಒರೆಸುತ್ತಿದ್ದೆ. ಸಗಣಿ ಸಾರಿಸಿದ ನೆಲದ ಮೇಲೆ ಬರಿಗಾಲಲ್ಲಿ ನಡೆದರೆ ಹೇಗೋ ಹಾಗೆ ಅದರ ದನಿ: ಮೆತ್ತಗೆ, ದುಂಡಗೆ, ಸ್ವಲ್ಪ ತಡವಾಗಿ.

ಮೋಹನದಾಸ್ ಸರ್ ಅವರದು ಮೇಪಲ್. ಹೊರದೇಶದ ಮರ, ಬೆಣ್ಣೆಯ ಬಣ್ಣ, ಗಟ್ಟಿ, ಮೇಲೆ ಹೊಳೆಯುವ ವಾರ್ನಿಶ್. ವರ್ಷಗಟ್ಟಲೆ ಅವರ ಬೆರಳು ಓಡಾಡಿದ ಕಡೆ ವಾರ್ನಿಶ್ ಸವೆದು ಬರಿಮರ ಕಾಣುತ್ತಿತ್ತು. ಮೊದಲ ಸಲ ತಂತಿ ಮೀಟಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಟಕ್ ಎಂದು ಶುರುವಾಗಿ, ಇದ್ದಷ್ಟು ಹೊತ್ತು ನೆಟ್ಟಗೆ ನಿಂತು, ಬಿಟ್ಟ ಕೂಡಲೇ ಹೋಯಿತು ಸ್ವರ. ಕಡಪಾ ಕಲ್ಲಿನ ಮೇಲೆ ಚಪ್ಪಲಿ ಹಾಕಿ ನಡೆದ ಹಾಗೆ ಪ್ರತಿ ಹೆಜ್ಜೆಯೂ ಬೇರೆ ಬೇರೆ ಕೇಳಿಸಿತು. ತಂತಿಯೂ ಹೊಸದಿತ್ತು, ಅದನ್ನು ಒಪ್ಪುತ್ತೇನೆ. ಆದರೂ ಅಂದು ಸಂಜೆ ಹತ್ತಾರು ಸಲ ಒಂದೇ ಸಾಲನ್ನು ಬಾರಿಸಿದೆ, ಸುಮ್ಮನೆ ಕೇಳುವ ಸುಖಕ್ಕೆ.

ಆದರೆ ಮೇಪಲ್ ಗೆಳತಿಯಲ್ಲ, ಅತ್ತೆ. ಬೆರಳು ಒಂದು ಕೂದಲೆಳೆ ತಡವಾಗಿ ಎತ್ತಿದರೂ ಊರಿಗೆಲ್ಲ ಸಾರುತ್ತಿತ್ತು. ಪಕ್ಕದ ತಂತಿಗೆ ಬೆರಳು ತಾಗಿದರೆ ಅದನ್ನೂ ಹೇಳುತ್ತಿತ್ತು. ವಾರ್ನಿಶ್ ಮೇಲೆ ಬೆರಳು ಜಾರಿ ಮುಂದೆ ಹೋಗಿಬಿಡುತ್ತಿತ್ತು. ನನ್ನ ಬೀಟೆ ಇಷ್ಟು ದಿನ ಇವನ್ನೆಲ್ಲ ಸೆರಗಿನಲ್ಲಿ ಮುಚ್ಚಿಟ್ಟಿತ್ತೆಂದು ಆಗ ಗೊತ್ತಾಯಿತು. ನವರಾತ್ರಿಯ ಆ ದಿನಗಳಲ್ಲಿ ಆಫೀಸಿನಿಂದ ಬಂದವಳೇ ಹಾಡಿನ ಕ್ಯಾಸೆಟ್ ಹಚ್ಚಿ ಅದರ ಜೊತೆ ಬಾರಿಸುತ್ತಾ ಕೂರುತ್ತಿದ್ದೆ. ಊಟಕ್ಕೆ ಕರೆದರೆ ಬಂದೆ ಎನ್ನುತ್ತಿದ್ದೆ, ಹೋಗುತ್ತಿರಲಿಲ್ಲ. ಬೆರಳ ತುದಿ ಕೆಂಪಾಗಿ ಉರಿಯುತ್ತಿತ್ತು, ಎದೆಯಲ್ಲಿ ಮಾತ್ರ ಹೋಳಿಗೆ ಹಬ್ಬ.

ನವಮಿಯ ದಿನ ಬೆಳಿಗ್ಗೆ ಆಫೀಸಿಗೆ ಹೋಗಲೇಬೇಕಿತ್ತು. ಅಲ್ಲೂ ಲಾರಿಗಳಿಗೆ ಪೂಜೆ, ಪೇಢೆ ಹಂಚಿ ಮಧ್ಯಾಹ್ನಕ್ಕೆ ಬಿಟ್ಟರು. ಮನೆಗೆ ಬಂದೆ. ಪಡಸಾಲೆಯಲ್ಲಿ ಚಾಪೆ ಹಾಸಿ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಮಾಡಿದ್ದರು. ಅಂಗಡಿಯ ತಕ್ಕಡಿ, ಕಲ್ಲು, ಬೆಲ್ಲ ಒಡೆಯುವ ಹಾರೆ, ಹೊಲಿಗೆ ಮಶಿನ್ನು, ಅವ್ವನ ಈಳಿಗೆಮಣೆ. ಇವುಗಳ ನಡುವೆ, ಎಲ್ಲಕ್ಕಿಂತ ದೊಡ್ಡ ಜಾಗ ಹಿಡಿದು, ಮೋಹನದಾಸ್ ಸರ್ ಅವರ ಮೇಪಲ್ ಬೇಸ್ ಮಲಗಿತ್ತು.

ಹೊಟ್ಟೆಯ ಮೇಲೆ ವಿಭೂತಿಯ ಮೂರು ಪಟ್ಟೆ. ತಲೆಗೆ ಚೆಂಡುಹೂವಿನ ಮಾಲೆ. ಹಲಗೆಯ ಮೇಲೆ ಫ್ರೆಟ್ಟಿನ ಒಂದೊಂದು ಮನೆಗೂ ಹೊಸ್ತಿಲಿಗೆ ಹಚ್ಚಿದ ಹಾಗೆ ಅರಿಶಿನ, ಅದರ ಮೇಲೆ ಕುಂಕುಮ. ಇಡೀ ಹಲಗೆ ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿತ್ತು. ತಂತಿಗಳಿಂದ ಎಣ್ಣೆ ಇಳಿಯುತ್ತಿತ್ತು.

ನಾನು ಚಾಪೆಯ ಹತ್ತಿರ ಓಡಿದೆ.

"ಬಂದ್ಯಾ? ಬಾ, ಕಾಯಿ ಒಡದೀವಿ, ನಮಸ್ಕಾರ ಮಾಡು" ಎಂದಳು ಅವ್ವ. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ಮದುವೆ ಮನೆಗಳಲ್ಲಷ್ಟೇ ನೋಡಿದ್ದೆ.

"ಯವ್ವಾ, ಏನ ಮಾಡೀ ಇದು? ಇದಕ್ಕ ಎಣ್ಣಿ ಯಾಕ ಹಾಕ್ದಿ?"

"ನೀ ನಿಂದಕ್ಕ ಹಾಕ್ತಿದ್ದೆಲ್ಲ? ಇದು ಪಾಪ ಬಿಳಿಚಿಕೊಂಡು ಒಣಗಿತ್ತು. ಮಶೀನ್ ಎಣ್ಣಿ ಪೂಜಾಕ್ಕ ನಡ್ಯಂಗಿಲ್ಲ ಅಂತ ಕುಸಬಿ ಎಣ್ಣಿ ಹಚ್ಚೀನಿ. ಗಾಣದ್ದು, ಹೊಸಾದು."

ಬೀಟೆ ಎಣ್ಣೆ ಕುಡಿಯುತ್ತದೆ, ಮೇಪಲ್ ಕುಡಿಯುವುದಿಲ್ಲ. ವಾರ್ನಿಶ್ ಇದ್ದ ಕಡೆ ಅದು ಮೇಲೆಯೇ ನಿಲ್ಲುತ್ತದೆ, ಸವೆದ ಕಡೆ ಅರಿಶಿನ ಕುಂಕುಮವನ್ನೂ ಕರೆದುಕೊಂಡು ಒಳಗಿಳಿಯುತ್ತದೆ. ಇದನ್ನೆಲ್ಲ ಅವ್ವನಿಗೆ ಯಾರು ಹೇಳಿದ್ದರು? ನಾನು ಹೇಳಿರಲಿಲ್ಲ. ಕುಸುಬೆ ಎಣ್ಣೆಯಂತೂ ಗಾಳಿಗೆ ಒಣಗಿ ಗೋಂದಾಗುವ ಎಣ್ಣೆ. ನಮ್ಮ ಎಣ್ಣೆ ಡಬ್ಬಿಯ ಮುಚ್ಚಳ ತೆಗೆಯಲು ಅಪ್ಪನೇ ಬರಬೇಕಾಗುತ್ತಿತ್ತು.

"ಇದು ನಂದಲ್ಲ ಯವ್ವಾ" ಎಂದೆ. "ನಾಳೆ ಇದನ್ನ ಬಾರಿಸಿ ಅವರಿಗೆ ವಾಪಸ್ ಕೊಡಬೇಕು. ನನ್ನ ಜಾಗಾ ಹೋತು. ಇಷ್ಟು ವರ್ಷ ಖಂಡೇ ಪೂಜಾದಾಗ ನನ್ನ ಗಿಟಾರ್ ಬಾಗಲ ಹಿಂದ ಇಡ್ತಿದ್ದಿ. ಈ ವರ್ಷ ನಿನಗ ಇದೇ ಸಿಕ್ತೇನು?"

ಅವ್ವನ ಮುಖ ಇಳಿಯಿತು. ಬಳೆ ತಿರುಗಿಸುತ್ತಾ ಹೇಳಿದಳು: "ಇಷ್ಟು ದಿನ ಅದು ಗುಂಯ್ ಅಂತಿತ್ತವ್ವಾ. ನನಗ ಗಿರಣಿ ಸಪ್ಪಳ ಆಗಿತ್ತು. ಈ ಸಲ ರೊಟ್ಟಿ ಬಡಿಯೂ ಮುಂದ ಗ್ವಾಡಿ ಆಚೆಯಿಂದ ಕೇಳಿಸ್ತು. ಒಂದೊಂದ ಹೆಜ್ಜಿ ಬ್ಯಾರೆ ಬ್ಯಾರೆ. ಹಾಡು ಮ್ಯಾಲ ಹೋಗ್ತಿರತದ, ನೀ ಅದರ ಕೈ ಹಿಡಕೊಂಡು ಕೆಳಗ ನಡೀತಿರ್ತಿ. ಅಯ್ಯ, ಇದು ಕೆಲಸಾನ ಅದ, ಆಟ ಅಲ್ಲ ಅಂತ ತಿಳೀತು. ಕೆಲಸ ಅಂದಮ್ಯಾಲ ಪೂಜಾ ಮಾಡಬೇಕಲ್ಲ?"

ಇಷ್ಟು ವರ್ಷ ನಾನು ಹೇಳಿ ಹೇಳಿ ಸೋತದ್ದನ್ನು ಒಂದು ಮರದ ತುಂಡು ಗೋಡೆಯಾಚೆಯಿಂದ ತಿಳಿಸಿಕೊಟ್ಟಿತ್ತು. ಅದನ್ನೇ ಅವ್ವ ಹಾಳು ಮಾಡಿ ಕೂತಿದ್ದಳು, ಅದೂ ಪ್ರೀತಿಯಿಂದ. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು, ಹಾರೆ ಎತ್ತಿ ಏನನ್ನಾದರೂ ಒಡೆಯಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಹೂಮಾಲೆ ಬಿಚ್ಚಿದೆ.

ಆಮೇಲೆ ನಡೆದದ್ದು ಒಂದು ಸಣ್ಣ ಯುದ್ಧ. ಮೊದಲು ತಂತಿ ಬಿಚ್ಚಿದೆವು. ಎಣ್ಣೆ ಕುಡಿದ ತಂತಿ ಸತ್ತ ಹಾಗೆ. ಮೀಟಿದರೆ ಧಬ್ ಎನ್ನುತ್ತದೆ, ಅಷ್ಟೇ. ನೀರಲ್ಲಿ ಕುದಿಸಿದರೆ ಜೀವ ಬರುತ್ತದೆಂದು ಕಾಲೇಜಿನ ಹುಡುಗರು ಹೇಳಿದ್ದನ್ನು ಕೇಳಿದ್ದೆ. ಅವ್ವ ಹಬ್ಬದ ಅಡುಗೆಯ ದೊಡ್ಡ ಪಾತ್ರೆ ಕೆಳಗಿಳಿಸಿ ನೀರಿಟ್ಟಳು. ನಾಲ್ಕು ತಂತಿಗಳು ಸುರುಳಿ ಸುತ್ತಿಕೊಂಡು ಕುದ್ದವು. ಮೇಲೆ ತೇಲಿಬಂದ ಹಳದಿ ಜಿಡ್ಡನ್ನು ಅವಳೇ ಸೌಟಿನಿಂದ ತೆಗೆದಳು. ಕೆಳಗಿನಿಂದ ಮೇಲೆ ಬಂದ ಅಪ್ಪ ಒಲೆಯತ್ತ ಇಣುಕಿ ನೋಡಿ, ಊಟ ತಡವಾಗುತ್ತದೆಂದು ತಿಳಿದು ಸುಮ್ಮನೆ ಇಳಿದು ಹೋದರು.

ಹಲಗೆಯನ್ನು ಹಳೆಯ ಧೋತರದ ಬಟ್ಟೆಯಿಂದ ಒರೆಸಿದೆ. ವಾರ್ನಿಶ್ ಇದ್ದ ಕಡೆ ಎಲ್ಲವೂ ಬಂತು. ಸವೆದ ಕಡೆ, ಅಂದರೆ ಹೆಚ್ಚು ಬೇಕಾಗುವ ಕಡೆಯೇ, ಹಳದಿ ಮತ್ತು ಕೆಂಪು ಮರದೊಳಗೆ ಕೂತಿತ್ತು. ಅವ್ವ ನಿಂಬೆಹಣ್ಣು ತಂದಳು, ಬೇಡ ಎಂದೆ. ಹುಣಸೆಹಣ್ಣು ಎಂದಳು, ಕೈಮುಗಿದೆ.

"ಹಂಗಾರ ಬಿಸಲಾಗ ಇಡು. ಅರಿಷಿಣಕ್ಕ ಬಿಸಲ ಬಿಟ್ರ ಔಷಧ ಇಲ್ಲ. ಎಷ್ಟು ಸೀರಿ ಹಂಗ ಉಳಿಸೀನಿ."

"ಬಿಸಲಿಗೆ ಕತ್ತು ಬಾಗತದ ಯವ್ವಾ."

"ನಾ ಕಾಯ್ತೀನಿ. ಹಪ್ಪಳ ಕಾಯ್ದಂಗ."

ನಿಜವಾಗಿಯೂ ಕಾಯ್ದಳು. ಮಾಳಿಗೆಯ ಮೇಲೆ ಚಾಪೆ ಹಾಸಿ, ಗಿಟಾರಿನ ಹೊಟ್ಟೆಗೆ ಕೊಡೆ ಹಿಡಿದು, ಹಲಗೆಗೆ ಮಾತ್ರ ಓರೆ ಬಿಸಿಲು ಬೀಳುವಂತೆ ಸರಿಸುತ್ತಾ, ನಡುನಡುವೆ ಅಂಗೈ ಇಟ್ಟು ಕಾವು ನೋಡುತ್ತಾ ಕೂತಳು. ಕಾದಿದೆ ಅನಿಸಿದರೆ ನೆರಳಿಗೆ ತರುವಳು, ಆರಿದ ಮೇಲೆ ಮತ್ತೆ ಬಿಸಿಲಿಗೆ. ಹೊಸ ಸೀರೆಯ ನೆನಪೂ ಅವಳಿಗಿರಲಿಲ್ಲ. ಪಕ್ಕದ ಮಾಳಿಗೆಯ ಮರಾಠಿ ಹೆಂಗಸು ಏನು ಒಣಗಿಸುತ್ತಿದ್ದೀರಿ ಎಂದು ಕೇಳಿದರೆ, "ಮುಲೀಚಂ ಕಾಮ್ ಆಹೆ" ಎಂದಳು. ಮಗಳ ಕೆಲಸ. ಅದನ್ನು ನಾನು ಮೆಟ್ಟಿಲ ಮೇಲೆ ನಿಂತು ಕೇಳಿದೆ.

ಸಂಜೆಯ ಹೊತ್ತಿಗೆ ಹಳದಿ ಮುಕ್ಕಾಲು ಭಾಗ ಹೋಗಿತ್ತು. ಕುಂಕುಮ ಜಗ್ಗಲಿಲ್ಲ. ಬೆಣ್ಣೆ ಬಣ್ಣದ ಹಲಗೆಯ ಮೇಲೆ ತುಕ್ಕು ಹಿಡಿದಂತೆ ಕೆಂಪು ಕಲೆಗಳು ಉಳಿದವು. ತಂತಿ ಕಟ್ಟಿ ಶ್ರುತಿ ಮಾಡಿ ಮೀಟಿದೆ. ದನಿ ಬಂತು, ಬಹುಪಾಲು ಮೊದಲಿನ ಹಾಗೆಯೇ. ಆದರೆ ಬೆರಳು ಅಂಟುತ್ತಿತ್ತು. ಜಾರಬೇಕಾದ ಕಡೆ ತಡೆದು ನಿಲ್ಲುತ್ತಿತ್ತು. ಬೆಳಗಾಗುವಷ್ಟರಲ್ಲಿ ಎಣ್ಣೆ ಇನ್ನಷ್ಟು ಗೋಂದಾಗುವುದು ಖಂಡಿತ.

ದಸರೆಯ ಬೆಳಿಗ್ಗೆ ನಾನು ಹೊರಟಾಗ ಅವ್ವ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದಳು. ಒಂದು ಕೈಯಲ್ಲಿ ಬನ್ನಿ ಎಲೆಯ ಚೀಲ. ಹೆಗಲ ಮೇಲೆ ನನ್ನ ಹಳೆಯ ಬೀಟೆ ಗಿಟಾರು.

"ನೀ ಎಲ್ಲಿಗೆ?"

"ತಪ್ಪು ನಾ ಮಾಡೀನಿ, ನೀ ಯಾಕ ಬೈಸ್ಕೋಬೇಕು? ಇದೂ ಇರ್ಲಿ, ಎರಡೂ ತಗೊಂಡು ನಡಿ."

ರಿಕ್ಷಾದಲ್ಲಿ ನಾವಿಬ್ಬರು, ಎರಡು ಬೇಸ್ ಗಿಟಾರು. ಎಲ್ಲ ರಿಕ್ಷಾಗಳಿಗೂ ಚೆಂಡುಹೂವಿನ ಮಾಲೆ, ದಾರಿಯುದ್ದಕ್ಕೂ ಎಲೆ ಮಾರುವವರು. ನನ್ನ ಕಾಲು ತಂತಾನೇ ತಾಳ ಹಾಕುತ್ತಿತ್ತು. ಹೆದರಿಕೆಯೋ ಹುರುಪೋ ನನಗೇ ತಿಳಿಯಲಿಲ್ಲ. ಬಾರಿಸಬೇಕಾದ ಸಾಲುಗಳು ತಲೆಯಲ್ಲಿ ಓಡುತ್ತಿದ್ದವು, ಓಡುವಾಗ ಒಂದೂ ತಪ್ಪುತ್ತಿರಲಿಲ್ಲ.

ಹಾಲಿನಲ್ಲಿ ಸದಾನಂದ ಮಾಸ್ತರರು, ಮೋಹನದಾಸ್ ಸರ್, ಡ್ರಮ್ಮು ಮತ್ತು ಕೀಬೋರ್ಡಿನವರು ಇದ್ದರು. ನಾನು ಬಾಯಿ ತೆರೆಯುವುದರೊಳಗೆ ಅವ್ವ ನೆಟ್ಟಗೆ ನಡೆದು ಮೋಹನದಾಸ್ ಸರ್ ಮುಂದೆ ನಿಂತು ಬನ್ನಿ ಎಲೆ ಚಾಚಿದಳು. "ಬನ್ನಿ ತಗೊಳ್ರಿ. ಬಂಗಾರದಂಗ ಇರೂಣು."

ಅವರು ಗಡಬಡಿಸಿ ಎರಡೂ ಕೈ ಒಡ್ಡಿದರು. "ಬನ್ನಿ ಮುಡಿಯೂದು ಸಂಜೀಕ ಅಲ್ರೀ ಅಕ್ಕಾರ?"

"ಊರಾಗ ಸಂಜೀಕ. ಪುಣೇದಾಗ ಎಲ್ಲಾ ಲಗೂನ" ಎಂದಳು ಅವ್ವ. ಅವರು ಎಲೆಯನ್ನು ಹಣೆಗೆ ಒತ್ತಿ ಕಿಸೆಗೆ ಹಾಕಿಕೊಂಡರು. ಎಲೆ ಕಿಸೆಯೊಳಗೆ ಪೂರ್ತಿ ಇಳಿಯಿತೆಂದು ಖಾತ್ರಿಯಾದ ಮೇಲೆ ಅವ್ವ ಮುಂದುವರಿದಳು. "ನಿಮ್ಮ ಗಿಟಾರಿಗೆ ನಾ ಎಣ್ಣಿ ಹಚ್ಚಿ, ಅರಿಷಿಣ ಕುಂಕುಮ ಇಟ್ಟು ಪೂಜಾ ಮಾಡೀನ್ರಿ. ಕಲಿ ಆಗ್ಯಾವ. ಈಕಿ ತಪ್ಪು ಏನೂ ಇಲ್ಲ."

ಮೋಹನದಾಸ್ ಸರ್ ಪೆಟ್ಟಿಗೆ ತೆರೆದರು. ನೋಡಿದರು. ಉಗುರಿನಿಂದ ಒಂದು ಕಲೆಯನ್ನು ಕೆರೆದರು. ಮೂಗಿಗೆ ಹಿಡಿದರು. "ಕುಸಬಿ ಎಣ್ಣಿ?"

"ಹೌದ್ರಿ. ಗಾಣದ್ದು."

ಮೋಹನದಾಸ್ ಸರ್ ಅವರ ಕಿವಿ ಕೆಂಪಾಗಿದ್ದವು. ಬನ್ನಿ ತೆಗೆದುಕೊಂಡವರು ಆ ದಿನ ಜಗಳ ಆಡುವ ಹಾಗಿಲ್ಲ, ಇದನ್ನು ಧಾರವಾಡದವರಿಗೆ ಹೇಳಿಕೊಡಬೇಕಿಲ್ಲ. ಅವರು ಕಿಸೆಯ ಮೇಲೆ ಒಮ್ಮೆ ಕೈಯಿಟ್ಟು ಕಡೆಗೆ ಹೇಳಿದರು: "ಇದನ್ನ ಬನ್ನಿ ಕೊಡೂ ಮೊದಲ ಹೇಳಬೇಕಿತ್ರಿ ಅಕ್ಕಾರ."

"ಮೊದಲ ಹೇಳಿದ್ರ ನೀವು ಬನ್ನಿ ತಗೋತಿದ್ದಿಲ್ರಿ."

ಡ್ರಮ್ಮಿನವನು ಕೆಮ್ಮಿದ ಹಾಗೆ ಮಾಡಿ ನಕ್ಕ. ಮೋಹನದಾಸ್ ಸರ್ ನಗಲಿಲ್ಲ. ಪೆಟ್ಟಿಗೆ ಮುಚ್ಚಿ ತಮ್ಮ ಕಾಲ ಬಳಿ ಇಟ್ಟುಕೊಂಡರು. "ಸಿಟ್ಟಿಲ್ಲ. ಆದ್ರ ಇದರ ಮ್ಯಾಲ ಇವತ್ತು ಯಾರೂ ಬಾರಸಂಗಿಲ್ಲ. ಮೊದಲ ಇದನ್ನ ಸ್ವಚ್ಛ ಮಾಡಸ್ತೀನಿ."

ಮಾಸ್ತರರು ನನ್ನ ಕಡೆ ನೋಡಿದರು. "ನಿನ್ನ ಹತ್ರ ಏನದ?"

ಅವ್ವ ಹೆಗಲಿನಿಂದ ಬೀಟೆ ಗಿಟಾರನ್ನು ಇಳಿಸಿ ನನ್ನ ಕೈಗೆ ಕೊಟ್ಟಳು. ಯಾವುದು ಗೊಜ್ಜಿನ ಹಾಗೆ ಕೇಳುತ್ತದೆಂದು ಮಾಸ್ತರರು ಹೇಳಿದ್ದರೋ, ಯಾವುದು ಗಿರಣಿಯ ಹಾಗೆ ಕೇಳುತ್ತದೆಂದು ಅವ್ವ ಹೇಳಿದ್ದಳೋ, ಅದನ್ನೇ ಹಿಡಿದು ಅವರಿಬ್ಬರ ಮುಂದೆ ನಾನು ನಿಂತಿದ್ದೆ. ಅವ್ವ ಹಿಂದೆ ಹೋಗಿ ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಕೂತಳು. ಅಲ್ಲಿಯವರೆಗೆ ಒಂದೊಂದು ಸ್ವರವೂ ಬಿಡಿಯಾಗಿ ಹೋಗಬೇಕು. ಹೋಗದಿದ್ದರೆ ಜಾಗವೂ ಇಲ್ಲ, ಅವ್ವನ ಹೂಂ ಕೂಡ ಇಲ್ಲ.

ಡ್ರಮ್ಮು ಶುರುವಾಯಿತು. ನಾನು ಒಳಗೆ ಬಂದೆ.

ಮೊದಲ ಸಾಲಿನಲ್ಲೇ ಎಡಗೈ ನನ್ನದಲ್ಲ ಅನಿಸಿತು. ಬೆರಳು ಒತ್ತಿ, ಹೊತ್ತಿಗೆ ಸರಿಯಾಗಿ ಎದ್ದು, ಪಕ್ಕದ ತಂತಿಯನ್ನು ಮುಟ್ಟದೆ ಮುಂದಿನ ಮನೆಗೆ ಹೋಗುತ್ತಿತ್ತು. ಮೇಪಲ್ಲಿನ ಬೈಗುಳ ತಿಂದು ತಿಂದು ಕಲಿತದ್ದು. ಬೀಟೆಯ ಮೇಲೆ ಈ ಕೈಯನ್ನು ನಾನು ಇಟ್ಟಿರಲೇ ಇಲ್ಲ.

ಎಂಥ ಸುಖ ಅದು. ವಾರ್ನಿಶ್ ಇಲ್ಲದ ಮರ ಬೆರಳನ್ನು ಜಾರಗೊಡದೆ ಹಿಡಿದುಕೊಂಡಿತು. ನಾನು ಹೇಳಿದ ಕಡೆಯೇ ನಿಂತಿತು. ಬಲಗೈಯನ್ನು ತಂತಿ ಬಿಗಿಯಾಗಿರುವ ತುದಿಯ ಕಡೆಗೆ ಸರಿಸಿದೆ. ಸ್ವರ ದುಂಡಗೇ ಇತ್ತು, ಆದರೆ ಈಗ ಅದಕ್ಕೊಂದು ಶುರು ಇತ್ತು, ಒಂದು ಕೊನೆ ಇತ್ತು. ನಡುವೆ ಖಾಲಿ ಜಾಗ ಇತ್ತು. ಬೀಟೆಮರ ಗುಂಯ್ ಅಂದದ್ದಲ್ಲ, ನಾನು ಅನ್ನಿಸಿದ್ದು. ನನಗೆ ಜೋರಾಗಿ ನಗು ಬಂತು, ತಡೆದುಕೊಳ್ಳಲಿಲ್ಲ. ಡ್ರಮ್ಮಿನವನೂ ನಕ್ಕು ವೇಗ ಹೆಚ್ಚಿಸಿದ. ಹೆಚ್ಚಿಸು, ಇನ್ನೂ ಹೆಚ್ಚಿಸು ಎಂದು ನಾನು ತಲೆಯಾಡಿಸಿದೆ. ಕೀಬೋರ್ಡಿನವನು ಹಾಡನ್ನು ಮೇಲೆ ಒಯ್ದ. ನಾನು ಕೆಳಗೆ ಅದರ ಕೈ ಹಿಡಿದು ನಡೆದೆ, ಓಡಿದೆ. ಹಿಂದೆ ಕುರ್ಚಿಯಲ್ಲಿ ಅವ್ವನ ಬೆರಳುಗಳು ಚೀಲದ ಮೇಲೆ ಬೀಳುತ್ತಿದ್ದವು. ಡ್ರಮ್ಮಿಗಲ್ಲ, ನನ್ನ ಸ್ವರಗಳಿಗೆ.

ಮಾಸ್ತರರು ನಿಧಾನದ ಹಾಡೊಂದನ್ನು ಬಾರಿಸಲು ಹೇಳಿದರು. ಅದಾದ ಮೇಲೆ ಇನ್ನೊಂದು. ಈ ಸಲ ಅವರು ಕಣ್ಣು ಮುಚ್ಚಲಿಲ್ಲ, ನನ್ನ ಎಡಗೈಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಮೋಹನದಾಸ್ ಸರ್ ಕಡೆ ತಿರುಗಿದರು. "ಏನಂತೀ?"

ಅವರ ಕಿವಿ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. "ನಾ ಇನ್ನ ಹಡಗ ಹತ್ತಬಹುದು" ಎಂದರು.

ನನಗೆ ಕುಣಿಯಬೇಕೆನಿಸಿತು. ಆದರೆ ಮಾಸ್ತರರು ಆಗಲೇ ಅವ್ವನ ಕಡೆ ಹೊರಟಿದ್ದರು. ಅನುಭವಸ್ಥರು, ಯಾರ ಹೂಂ ಬೇಕೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಅವ್ವನ ಮುಂದೆ ನಿಂತು ಕೈ ಕಟ್ಟಿ ಹೇಳಿದರು: "ಅಕ್ಕಾರ, ಮುಂದಿನ ವಾರ ದೌಂಡದಾಗ ರೇಲ್ವೆ ಕಾಲನಿಯೊಳಗ ಕಾರ್ಯಕ್ರಮ ಅದ. ಮಗಳನ್ನ ಕಳಸ್ತೀರೇನು? ನಮ್ಮ ಗಾಡಿಯೊಳಗ ಕರಕೊಂಡು ಹೋಗಿ ಮನೀತನಕ ಬಿಡ್ತೀವಿ. ನಮ್ಮ ಮನೆಯವರೂ ಬರ್ತಾರ."

ಅವ್ವ ಚೀಲದೊಳಗಿನ ಎಲೆಗಳ ಕಡ್ಡಿ ಮುರಿಯತೊಡಗಿದಳು. ಕಡಲೆಬೇಳೆ ಆರಿಸಿದ ಹಾಗೆಯೇ. ನಾನು ಗಿಟಾರಿನ ಕತ್ತನ್ನು ಬಿಗಿಯಾಗಿ ಹಿಡಿದುಕೊಂಡೆ.

ಮಾಸ್ತರರಿಗೆ ಆ ಮೌನ ಬೇರೆ ರೀತಿ ಕೇಳಿಸಿರಬೇಕು. ಇನ್ನಷ್ಟು ಮೆತ್ತಗೆ ಹೇಳಿದರು: "ಹೆಣ್ಣುಹುಡುಗಿ ಸ್ಟೇಜಿನ ಮ್ಯಾಲ, ಜನಾ ಏನಂತಾರೋ ಅಂತ ಅನಸ್ತದ, ನನಗೂ ತಿಳೀತದ್ರಿ. ಕಾಳಜಿ ಮಾಡಬ್ಯಾಡ್ರಿ. ಡ್ರಮ್ಮಿನ ಹಿಂದ ನಿಂದ್ರಸ್ತೀನಿ. ಬೇಸ್ ಬಾರಿಸೋರು ಹೆಂಗೂ ಹಿಂದ ಇರ್ತಾರ. ಯಾರ ಕಣ್ಣಿಗೂ ಬೀಳಂಗಿಲ್ಲ."

"ಹಿಂದ ನಿಂದ್ರಸೂದಿದ್ರ ಬ್ಯಾಡ್ರಿ" ಎಂದಳು ಅವ್ವ.

ಎಲ್ಲ ಮುಗಿಯಿತು ಎಂದುಕೊಂಡೆ. ಗೆದ್ದ ಜಾಗ, ಕಲಿತ ಕೈ, ಎಲ್ಲ. ಅವ್ವ ಚೀಲ ಪಕ್ಕಕ್ಕಿಟ್ಟು, ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು.

"ನಾ ದೌಂಡಕ್ಕ ಬರಾಕಿ. ಈಕಿ ಅಪ್ಪನ್ನೂ ಕರಕೊಂಡು ಬರ್ತೀನಿ. ಹಿಂದ ನಿಂದ್ರಿಸಿದ್ರ ನಮಗ ಹೆಂಗ ಕಾಣಬೇಕ್ರಿ? ಕಿವಿಗೆ ಕೇಳ್ತದ, ಖರೇ. ಆದ್ರ ಮಗಳು ಹೆಂಗ ಬಾರಸ್ತಾಳ ಅಂತ ನಾ ನೋಡಬೇಕು. ಮುಂದ ನಿಂದ್ರಸ್ರಿ."

ನನ್ನ ಕಣ್ಣು ತುಂಬಿ ಎದುರಿನದೆಲ್ಲ ಮಂಜಾಯಿತು. ಅಳುತ್ತಲೇ ನಗುತ್ತಿದ್ದೆ. ಮೋಹನದಾಸ್ ಸರ್ ತಮ್ಮ ಪೆಟ್ಟಿಗೆಯನ್ನು ಕಾಲಿನಿಂದ ಆಚೆ ಸರಿಸಿದರು, ನನಗೆ ಮುಂದೆ ಬರಲು ದಾರಿ ಬಿಡುವುದಕ್ಕೆ. ಸದಾನಂದ ಮಾಸ್ತರರು ಒಂದು ಗಳಿಗೆ ಅವ್ವನನ್ನು ನೋಡಿ, ಆಮೇಲೆ ಡ್ರಮ್ಮಿನವನಿಗೆ ಸ್ಟೂಲನ್ನು ಹಿಂದಕ್ಕೆ ಎಳೆದುಕೊಳ್ಳಲು ಹೇಳಿದರು.